ಬೀಗದ ಕೈ ಬೋರಮ್ಮನ ಸೊಂಟದಲ್ಲೇ ಇದೆ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ರಾಮನಗರದ ಹೊರವಲಯದ ಖಾಸಗಿ ಪಾಲಿಟೆಕ್ನಿಕ್ ಒಂದರ ಮೊದಲ ಮಹಡಿಯಲ್ಲಿ ಬೋರಮ್ಮ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದು, ಕತ್ತಲಲ್ಲೇ ಸ್ವಿಚ್ ಬೋರ್ಡಿನ ಪಕ್ಕ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಂಕುಳಲ್ಲಿ ರಟ್ಟು ಕಿತ್ತುಬಂದ ಇನ್ನೂರು ಪುಟದ ನೋಟ್‌ಬುಕ್ ಇದೆ. ಈ ಕಡೆಗೆ ಕರೆಂಟು ಬರುವುದು ಆರಕ್ಕೆ, ಹೋಗುವುದು ಎಂಟಕ್ಕೆ. ನಡುವಿನ ಎರಡು ಗಂಟೆಯಲ್ಲಿ ಇಪ್ಪತ್ತೆರಡು ಕಂಪ್ಯೂಟರುಗಳನ್ನು ಎಬ್ಬಿಸಿ, ಒಂದೊಂದನ್ನೂ ಮಾತಾಡಿಸಿ, ಮೈಸರಿಯಿಲ್ಲದವನ್ನು ಬೇರೆ ಗುರುತು ಹಾಕಿಕೊಂಡು, ಮತ್ತೆ ಮಲಗಿಸಬೇಕು. ಮೇಷ್ಟ್ರುಗಳು ಬರುವ ಹೊತ್ತಿಗೆ ಕರೆಂಟೂ ಇರುವುದಿಲ್ಲ, ಅದನ್ನು ಕೇಳುವ ಪುರುಸೊತ್ತೂ ಯಾರಿಗೂ ಇರುವುದಿಲ್ಲ. ಮತ್ತೆ ಕರೆಂಟು ಬರುವುದು ಮಧ್ಯಾಹ್ನದ ಲ್ಯಾಬಿನ ಹೊತ್ತಿಗೆ.

ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡೆದು ಹತ್ತಿಕೊಳ್ಳುತ್ತದೆ. ಬೋರಮ್ಮ ಮೊದಲನೆಯ ಸಾಲಿನಿಂದ ಶುರು ಮಾಡುತ್ತಾರೆ. ಕಪ್ಪು ಪರದೆಯೊಂದನ್ನು ತೆರೆದು, ಆರು ಅಕ್ಷರದ ಒಂದೇ ಒಂದು ಇಂಗ್ಲಿಷ್ ಪದವನ್ನು ಒಂದೇ ಬೆರಳಿನಿಂದ ಕುಟ್ಟಿ, ಎಂಟರ್ ಒತ್ತಿ, ಕಾಯುತ್ತಾರೆ. ಪರದೆಯ ಎಡಗಡೆ ಮೂರು ಬಾಣದ ಮೊನೆಗಳು ಮೂಡುತ್ತವೆ. ಮುಂದಿನ ಕಂಪ್ಯೂಟರಿಗೆ ಹೋಗುತ್ತ, ಕೆಲಸ ನೋಡಲು ಬಂದ ಪತ್ರಿಕೆಯವರಿಗೆ ಹೇಳುತ್ತಾರೆ.

“ಮೂರು ಮುಳ್ಳು ಬಂತು ಅಂದ್ರೆ ಜೀವ ಐತೆ ಅಂತ ಲೆಕ್ಕ ಸಾ. ಬರ್ನಿಲ್ಲ ಅಂದ್ರೆ ಪುಸ್ತಕ ತೆಗೀಬೇಕು.”

ಆ ಆರಕ್ಷರದ ಪದ ಪೈಥಾನ್. ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಲು ಬಳಸುವ ಭಾಷೆಗಳಲ್ಲಿ ಅದೂ ಒಂದು. ಈ ಲ್ಯಾಬಿನ ವಿದ್ಯಾರ್ಥಿಗಳು ಆ ಭಾಷೆಯಲ್ಲಿ ಅಪ್ಪಣೆ ಬರೆಯುತ್ತಾರೆ. ಕಂಪ್ಯೂಟರು ಆ ಅಪ್ಪಣೆಯನ್ನು ಒಂದು ಉದ್ದನೆಯ ಕೇಬಲ್ಲಿನ ಮೂಲಕ, ಮರದ ಮೈಯಿನ ಪುಟ್ಟ ರೋಬೋಟಿಗೆ ದಾಟಿಸುತ್ತದೆ. ನೆಲದ ಮೇಲೆ ಅಂಟಿಸಿದ ಕಪ್ಪು ಪಟ್ಟಿಯನ್ನು ಹಿಡಿದು ರೋಬೋಟು ನಡೆಯುತ್ತದೆ. ಬುಗುರಿಯ ಕೆಂಪು, ಬುಗುರಿಯ ಹಳದಿ ಬಳಿದುಕೊಂಡಿರುವುದರಿಂದ ಹುಡುಗರು ಅದನ್ನು ಬುಗುರಿ ಎಂದೇ ಕರೆಯುತ್ತಾರೆ. ಆದರೆ ಕಂಪ್ಯೂಟರು ಅಂಗಡಿಯಿಂದ ಬರುವಾಗ ಪೈಥಾನ್ ಕಲಿತು ಬರುವುದಿಲ್ಲ. ಯಾರಾದರೂ ಒಬ್ಬರು ಕೂತು ಕಲಿಸಬೇಕು. ಇಪ್ಪತ್ತೆರಡಕ್ಕೂ ಬೇರೆ ಬೇರೆಯಾಗಿ ಕಲಿಸಬೇಕು. ಆ ಒಬ್ಬರು, ಏಳನೇ ತರಗತಿಯವರೆಗೆ ಓದಿದ, ನಲವತ್ತಾರು ವಯಸ್ಸಿನ ಅಟೆಂಡರ್ ಬೋರಮ್ಮ.

ಪೈಥಾನ್ ಎಂದರೆ ಹೆಬ್ಬಾವು ಎಂದು ಯಾರೋ ಹೇಳಿಕೊಟ್ಟ ದಿನದಿಂದ ಅವರ ಗಂಡ ಬೋರಲಿಂಗಯ್ಯನಿಗೆ ಒಂದು ತಮಾಷೆ ಸಿಕ್ಕಿದೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಚೀಲ ಹೊರುವ ಅವರು, ಹೆಂಡತಿ ಕಾಲೇಜಿನಲ್ಲಿ ಹಾವಾಡಿಸುತ್ತಾಳೆ ಎಂದು ಕಂಡಕಂಡವರಿಗೆ ಹೇಳಿಕೊಂಡು ಬರುತ್ತಾರೆ. ಬೋರಮ್ಮ ಅದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ದಿನವಾಯಿತು.

ಅವರ ತವರು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ. ಮದುವೆಯಾಗಿ ರಾಮನಗರಕ್ಕೆ ಬಂದವರು ಹದಿನಾಲ್ಕು ವರ್ಷ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿದ್ದರು. ಬಿಸಿನೀರಿನ ತೊಟ್ಟಿಗೆ ಅಲ್ಲಿ ಬೇಸಿನ್ ಎನ್ನುತ್ತಾರೆ. ಅದರಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಎಂಟೆಂಟು ಗೂಡಿನ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದರೆ ನೂಲು ಸಣ್ಣಗಾಗುತ್ತದೆ, ಅದು ಕಣ್ಣಿಗೆ ಕಾಣುವುದಲ್ಲ, ಬೆರಳಿಗೇ ತಿಳಿಯಬೇಕು. ತಿಳಿದ ಕೂಡಲೇ ಇನ್ನೊಂದು ಎಳೆಯನ್ನು ಓಡುವ ನೂಲಿಗೆ ಎಸೆಯಬೇಕು. ಹದಿನಾಲ್ಕು ವರ್ಷದ ಬಿಸಿನೀರು ಬೋರಮ್ಮನ ಬೆರಳ ತುದಿಯ ಗೆರೆಗಳನ್ನೆಲ್ಲ ಅಳಿಸಿಹಾಕಿದೆ. ಆದರೆ ಬೆರಳಿನ ಬುದ್ಧಿ ಹಾಗೇ ಉಳಿದಿದೆ.

2001ರಲ್ಲಿ ಕಾರ್ಖಾನೆ ಮುಚ್ಚಿತು. ಬಿಡದಿ ಕಡೆ ವಾಹನಗಳ ಕಂಪನಿಗಳು ಒಂದರ ಹಿಂದೊಂದು ಎದ್ದಾಗ ಆ ಶೆಡ್ಡು ಬಿಡಿಭಾಗಗಳ ಗೋದಾಮಾಯಿತು. ಪಕ್ಕದಲ್ಲೇ ಈ ಪಾಲಿಟೆಕ್ನಿಕ್ ಬಂತು. ಬೋರಮ್ಮ ಕಸ ಗುಡಿಸಲು ಸೇರಿದರು. ನಾಲ್ಕು ವರ್ಷ ಆಫೀಸಿನಲ್ಲಿ ಟೀ ತಟ್ಟೆ, ಫೈಲು ಹೊತ್ತ ಮೇಲೆ, ಬಿಡದಿಯ ಕಂಪನಿಯೊಂದು ತನಗೆ ಬೇಡವಾದ ಇಪ್ಪತ್ತೆರಡು ಕಂಪ್ಯೂಟರುಗಳನ್ನು ಲಾರಿಯಲ್ಲಿ ಕಳಿಸಿಕೊಟ್ಟಿತು. ಅವುಗಳ ಧೂಳು ಒರೆಸಲು ಒಬ್ಬರು ಬೇಕಿತ್ತು. ಬೀಗದ ಕೈ ಬೋರಮ್ಮನ ಸೊಂಟಕ್ಕೆ ಬಂದದ್ದು ಹಾಗೆ. ಕಂಪ್ಯೂಟರುಗಳನ್ನು ಅವರು ಇವತ್ತಿಗೂ ಬೇಸಿನ್ ಎಂದೇ ಕರೆಯುತ್ತಾರೆ: “ಒಂಬತ್ತನೇ ಬೇಸಿನ್ ಒಸಿ ಜಡ.”

ಪೈಥಾನ್ ಬಂದದ್ದು ಕಳೆದ ವರ್ಷ. ಉಪನ್ಯಾಸಕ ರುದ್ರಪ್ರಸಾದ್ ಐದು ದಿನದ ತರಬೇತಿಗೆ ಹೋಗಿ, ಸಿಲಬಸ್ಸಿನಲ್ಲಿಲ್ಲದ ಉತ್ಸಾಹವನ್ನೂ ಒಂದು ಸಿ.ಡಿ.ಯನ್ನೂ ತಂದರು. ಒಂದು ಕಂಪ್ಯೂಟರಿಗೆ ಅದನ್ನು ಹಾಕುವುದರಲ್ಲಿ ಅವರ ಒಂದು ಮಧ್ಯಾಹ್ನ ಕಳೆಯಿತು. ಇನ್ನಿಪ್ಪತ್ತೊಂದಕ್ಕೆ ಮಧ್ಯಾಹ್ನಗಳು ಸಾಲದೆ ಬಂದಾಗ, ಹಿಂದೆ ಕಸಪೊರಕೆ ಹಿಡಿದು ನಿಂತಿದ್ದ ಬೋರಮ್ಮ ತಾನು ಮಾಡಿ ನೋಡಲೇ ಎಂದು ಕೇಳಿದರು. ಅವರು ಸುಮ್ಮನೆ ನಿಂತಿರಲಿಲ್ಲ. ಮೇಷ್ಟ್ರು ಒತ್ತಿದ ಗುಂಡಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಿದ್ದರು.

ಆ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಹೆಜ್ಜೆಗಳಿವೆ. ಇಂಗ್ಲಿಷಿನ ಅರ್ಥ ತಿಳಿಯದ ಕಡೆ, ಗುಂಡಿ ಪರದೆಯ ಯಾವ ಮೂಲೆಯಲ್ಲಿದೆ ಎನ್ನುವುದರ ನಕ್ಷೆ ಇದೆ. ಮೊದಲು ಪೈಥಾನ್, ಆಮೇಲೆ ವಿಂಡೋಸ್ ಜೊತೆ ಅದನ್ನು ಹೊಂದಿಸುವ ಸಾಫ್ಟ್‌ವೇರ್ ತುಂಡು, ಕೊನೆಗೆ ಕೇಬಲ್ಲಿನ ಜೊತೆ ಮಾತಾಡಿಸುವ ತುಂಡು. ಈ ಸರದಿ ತಪ್ಪುವ ಹಾಗಿಲ್ಲ. ಒಂಬತ್ತನೆಯ ಹೆಜ್ಜೆಯ ಸುತ್ತ ಕೆಂಪು ಪೆನ್ನಿನ ಚೌಕವಿದೆ. ಪೈಥಾನ್ ಕಂಪ್ಯೂಟರಿನ ಯಾವ ಕೋಣೆಯಲ್ಲಿ ವಾಸವಾಗಿದೆ ಎಂದು ಅಲ್ಲಿ ಬರೆದುಕೊಡಬೇಕು. ಮರೆತರೆ, ಮನೆಯೊಳಗೇ ಇರುವವರನ್ನು ಅಂಥವರು ಯಾರೂ ಇಲ್ಲ ಎಂದುಬಿಡುತ್ತದೆ ಕಂಪ್ಯೂಟರು. ಬೋರಮ್ಮ ಇದಕ್ಕೆ ಇಟ್ಟ ಹೆಸರು ವಿಳಾಸ ಕೊಡೋದು.

ಕೇಬಲ್ಲಿನ ಸಮಸ್ಯೆಗೆ ಅವರದೇ ಔಷಧವಿದೆ. ಕಂಪ್ಯೂಟರಿನ ಹಿಂಬದಿಯ ನಾಲ್ಕು ತೂತುಗಳಲ್ಲಿ ಕೇಬಲ್ಲನ್ನು ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಸಿಕ್ಕಿಸಿದರೆ ಅದು ಬೇರೆ ನಂಬರು ಹೇಳುತ್ತದೆ, ಹುಡುಗರ ಪ್ರೋಗ್ರಾಂ ಖಾಲಿ ಬಾಗಿಲು ತಟ್ಟುತ್ತ ನಿಲ್ಲುತ್ತದೆ. ಹಾಗಾಗಿ ಇಪ್ಪತ್ತೆರಡರಲ್ಲೂ ಒಂದೇ ತೂತಿನ ಪಕ್ಕದಲ್ಲಿ ಕೆಂಪು ರೇಷ್ಮೆ ದಾರದ ಕುಚ್ಚು ಅಂಟಿಸಿದ್ದಾರೆ. ದಾರವಿಲ್ಲದ ತೂತಿಗೆ ಕೇಬಲ್ ಹಾಕಿದವರು ಬೋರಮ್ಮನ ಬಾಯಿಗೆ ಬೀಳುತ್ತಾರೆ, ಅವರು ಉಪನ್ಯಾಸಕರೇ ಆದರೂ ಸರಿ.

ಕೆಲಸದ ವೇಗವೂ ಕಾರ್ಖಾನೆಯದೇ. ಒಂದು ಕಂಪ್ಯೂಟರಿನಲ್ಲಿ ನೀಲಿ ಪಟ್ಟಿ ತುಂಬುವುದನ್ನು ಕಾಯುತ್ತ ಕೂರುವುದಿಲ್ಲ. ಆರನ್ನು ಒಟ್ಟಿಗೆ ಶುರು ಮಾಡಿ, ಯಾವುದು ಕೇಳುತ್ತದೋ ಅದರ ಮುಂದೆ ಹೋಗಿ ನಿಲ್ಲುತ್ತಾರೆ. ಎರಡು ಬೆಳಗ್ಗೆ, ಅಂದರೆ ನಾಲ್ಕು ಗಂಟೆಯ ಕರೆಂಟಿನಲ್ಲಿ, ಇಪ್ಪತ್ತೆರಡೂ ಮುಗಿಯುತ್ತವೆ.

ತಪ್ಪೇ ಆಗಿಲ್ಲವೆಂದಲ್ಲ. ನವೆಂಬರಿನಲ್ಲಿ, ರೋಬೋಟ್ ತಂಡದ ಮುಂದಾಳು ಶ್ವೇತ ಎಂಬ ವಿದ್ಯಾರ್ಥಿನಿ ಸೈಬರ್ ಕೆಫೆಯಿಂದ ಆಗಷ್ಟೇ ಬಂದ ಹೊಸ ಪೈಥಾನನ್ನು ಇಳಿಸಿಕೊಂಡು ಬಂದಳು. ಹೊಸದು ಎಂದ ಮೇಲೆ ಒಳ್ಳೆಯದೇ ಇರಬೇಕೆಂದು ಬೋರಮ್ಮ ಎಲ್ಲದಕ್ಕೂ ಅದನ್ನೇ ಹಾಕಿದರು. ಉಳಿದೆರಡು ತುಂಡುಗಳು ಹಳೆಯದಕ್ಕೆ ಹೊಂದುವಂಥವು. ಇಡೀ ಲ್ಯಾಬು ಮೂಕವಾಯಿತು. ಎಲ್ಲ ಕಿತ್ತು ಹಳೆಯದನ್ನು ಹಾಕಲು ಮತ್ತೆರಡು ಬೆಳಗ್ಗೆ ಬೇಕಾಯಿತು. ಆ ಸುದ್ದಿ ಪ್ರಿನ್ಸಿಪಾಲರ ಕೋಣೆಯವರೆಗೂ ಹೋಯಿತು, ಅಲ್ಲೇ ಉಳಿದುಕೊಂಡಿತು.

ಅದು ಮತ್ತೆ ಎದ್ದು ಬಂದದ್ದು ಈ ಜನವರಿಯಲ್ಲಿ. ಕಂಪ್ಯೂಟರು ಕೊಟ್ಟ ಬಿಡದಿಯ ಕಂಪನಿಯವರು ಶನಿವಾರ ಲ್ಯಾಬು ನೋಡಲು ಬರುತ್ತಾರೆ, ಮೆಚ್ಚಿದರೆ ವಿದ್ಯಾರ್ಥಿಗಳನ್ನು ತರಬೇತಿಗೆ ತೆಗೆದುಕೊಳ್ಳುತ್ತಾರೆ ಎಂದು ಪತ್ರ ಬಂತು. ಅಂಥವರ ಮುಂದೆ ಏಳನೇ ಕ್ಲಾಸಿನ ಅಟೆಂಡರನ್ನು ನಿಲ್ಲಿಸುವುದು ಹೇಗೆ ಎಂಬ ಚಿಂತೆ ಪ್ರಿನ್ಸಿಪಾಲರನ್ನು ಹಿಡಿಯಿತು. ಲ್ಯಾಬನ್ನು ಬೆಂಗಳೂರಿನ ಏಜೆನ್ಸಿಯೊಂದಕ್ಕೆ ವಹಿಸಿ, ಬೋರಮ್ಮನನ್ನು ಮತ್ತೆ ಆಫೀಸಿನ ಟೀ ತಟ್ಟೆಗೆ ಕಳಿಸುವ ಮಾತು ಶುರುವಾಯಿತು. ರುದ್ರಪ್ರಸಾದ್ ಅಡ್ಡ ಬಂದು ಶನಿವಾರದವರೆಗೆ ತಡೆಯಿರಿ ಎಂದರು. ಬುಗುರಿ ಸರಿಯಾಗಿ ನಡೆದರೆ ಬೋರಮ್ಮ ಇರಲಿ, ಕೈಕೊಟ್ಟರೆ ಅದೇ ಸಂಜೆ ಬೀಗದ ಕೈ ಆಫೀಸಿನ ಮೇಜಿಗೆ ಬರಲಿ ಎಂದು ತೀರ್ಮಾನವಾಯಿತು.

“ಟೀ ಕೊಡೋದು ಕೀಳು ಅಂತಲ್ಲ ಸಾ. ಆದ್ರೆ ಈ ಕೆಲ್ಸ ನಾನೇ ಕಲ್ತಿದ್ದು. ಯಾರೂ ಏಳ್ಕೊಟ್ಟಿದ್ದಲ್ಲ. ಅದುನ್ನ ಕಿತ್ಕೊಂಡ್ಬುಟ್ರೆ ಎಂಗೆ?”

ಸೋಮವಾರ ಬುಗುರಿಯ ಹೊಸ ಮೈ ಬಂತು. ಅದನ್ನು ಕಡೆದುಕೊಟ್ಟವರು ಚನ್ನಪಟ್ಟಣದ ಬೊಂಬೆ ಕೆಲಸಗಾರ ಸಮದ್. ಹಾಲೆಮರದ ಮೈ, ಹಾಲೆಮರದ ಚಕ್ರ, ಮೇಲೆ ಅರಗಿನ ಬಣ್ಣ. ಮೇಜಿನ ಮೇಲೆ ಅಂಗಾತ ಮಲಗಿಸಿ ನೋಡಿದಾಗ ಚಕ್ರಗಳು ಹೇಳಿದ ಹಾಗೆ ಕೇಳಿದವು. ನೆಲಕ್ಕಿಳಿಸಿದಾಗ, ನೇರ ಪಟ್ಟಿಯ ಮೇಲೆ ಠೀವಿಯಿಂದ ನಡೆದ ಬುಗುರಿ, ತಿರುವು ಬಂದ ಕೂಡಲೇ ತಿರುವನ್ನು ಗಮನಿಸದವನ ಹಾಗೆ ನೆಟ್ಟಗೆ ಹೋಗಿ ಗೋಡೆಗೆ ಹಣೆ ಹೊಡೆದುಕೊಂಡಿತು. ಹತ್ತು ಸಲ ಬಿಟ್ಟರೂ ಹತ್ತು ಸಲ ಗೋಡೆ.

ಕಂಪ್ಯೂಟರಿನ ಅಪ್ಪಣೆ ತಡವಾಗಿ ತಲುಪುತ್ತಿದೆ, ತುಂಡುಗಳು ಮತ್ತೆ ಹೊಂದುತ್ತಿಲ್ಲ ಎಂದು ರುದ್ರಪ್ರಸಾದ್ ತೀರ್ಮಾನಿಸಿದರು. ನವೆಂಬರಿನ ನೆನಪು ಎಲ್ಲರಿಗೂ ಇತ್ತು. ಶ್ವೇತ ಬೋರಮ್ಮನ ಮುಖ ನೋಡಲಿಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಿ ಎಂದಾಯಿತು. ಮಂಗಳವಾರ, ಬುಧವಾರದ ಬೆಳಗುಗಳು ಅದಕ್ಕೇ ಹೋದವು. ಬುಧವಾರ ಮಧ್ಯಾಹ್ನ ಬುಗುರಿ ಅದೇ ತಿರುವಿನಲ್ಲಿ ಅದೇ ಗೋಡೆಗೆ ಹೊಡೆಯಿತು.

ಅಲ್ಲಿ ಬೋರಮ್ಮನಿಗೆ ಕಾರ್ಖಾನೆ ನೆನಪಾಯಿತು. ಒಂದು ಬೇಸಿನ್ನಿನ ನೂಲು ಹರಿದರೆ ಅಲ್ಲಿ ಗೂಡನ್ನು ನೋಡುತ್ತಿದ್ದರು. ಎಲ್ಲ ಬೇಸಿನ್ನಿನ ನೂಲೂ ಒಟ್ಟಿಗೆ ಹಾಳಾದರೆ ಯಾರೂ ಗೂಡು ಮುಟ್ಟುತ್ತಿರಲಿಲ್ಲ, ನೇರವಾಗಿ ಹೋಗಿ ಎಲ್ಲ ರಾಟೆಗಳನ್ನೂ ತಿರುಗಿಸುವ ಬೆಲ್ಟು ನೋಡುತ್ತಿದ್ದರು. ಗುರುವಾರ ಅವರು ಶ್ವೇತಳನ್ನು ಕೂರಿಸಿಕೊಂಡು ಕೇಬಲ್ಲನ್ನು ಒಂದೊಂದೇ ಕಂಪ್ಯೂಟರಿಗೆ ಸಿಕ್ಕಿಸಿದರು. ಇಪ್ಪತ್ತೆರಡರಲ್ಲೂ ಬುಗುರಿ ತಪ್ಪಿದ್ದು ಒಂದೇ ಜಾಗದಲ್ಲಿ.

“ನಾನು ತಪ್ಪು ಮಾಡಿದ್ರೆ ಒಂದ್ರಾಗೆ ಮಾಡಿರ್ತೀನಿ, ಎರಡ್ರಾಗೆ ಮಾಡಿರ್ತೀನಿ. ಇಪ್ಪತ್ತೆರಡ್ರಾಗೂ ಒಂದೇ ತಪ್ಪು, ಒಂದೇ ಅಳತೆಗೆ ಮಾಡೋವಷ್ಟು ಜಾಣೆ ಅಲ್ಲ ಕಣವ್ವ ನಾನು,” ಎಂದು ಶ್ವೇತಳಿಗೆ ಹೇಳಿ, ಬುಗುರಿಯನ್ನು ತಿರುವಿನಲ್ಲಿ ಇಟ್ಟು, ಓಡುವಾಗ ಚಕ್ರದ ಅಂಚಿಗೆ ಬೆರಳ ತುದಿ ತಾಗಿಸಿದರು. ಚಕ್ರ ತಿರುಗುತ್ತಿತ್ತು. ಬುಗುರಿ ತಿರುಗುತ್ತಿರಲಿಲ್ಲ. ಹೊಳಪೇರಿದ ಬೆಲ್ಟು ಗಾಲಿಯ ಮೇಲೆ ಜಾರುವಾಗಿನ ಅದೇ ಪುಳಕ್ಕೆನ್ನುವ ಹಗುರ ಬೆರಳಿಗೆ ಸಿಕ್ಕಿತು.

ಸಮದ್ ಚಕ್ರದ ಅಂಚಿಗೂ ಅರಗು ಕೊಟ್ಟು, ಒಣ ಕೇದಗೆ ಗರಿಯಿಂದ ಉಜ್ಜಿ, ಮುಖ ಕಾಣುವ ಹಾಗೆ ಮಾಡಿದ್ದರು. ನೆಲಕ್ಕೆ ತಾಗುವ ಭಾಗಕ್ಕೆ ಹೊಳಪು ಕೊಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಇನ್ನು ನೆಲವೋ, ರೆಡ್ ಆಕ್ಸೈಡಿನದು. ಕಂಪನಿಯವರು ಬರುತ್ತಾರೆಂದು ಅದನ್ನು ವಾರದಿಂದ ದಿನಕ್ಕೆರಡು ಬಾರಿ ತಿಕ್ಕಿ ಕನ್ನಡಿ ಮಾಡಿದ್ದವರು ಬೋರಮ್ಮನೇ.

ಶುಕ್ರವಾರ ಅರ್ಧ ದಿನದ ರಜೆ ಹಾಕಿ, ಬುಗುರಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದರು. ಅರವತ್ತು ದಾಟಿದ ಸಮದ್ ಲೇತಿನ ಮುಂದೆ ಕೂತು ಗಿಲಕಿಯೊಂದಕ್ಕೆ ಹಸಿರು ಕೊಡುತ್ತಿದ್ದರು. ಚಕ್ರದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಬೇಕು ಎಂದಾಗ ಅವರು ಲೇತು ನಿಲ್ಲಿಸಿದರು.

“ಐವತ್ತು ವರ್ಷ ಆಯ್ತು ಅಕ್ಕ, ನನ್ನ ಕೈಯಿಂದ ಒರಟು ಮಾಲು ಹೊರಗೆ ಹೋಗಿಲ್ಲ. ಮಗು ಮುಖಕ್ಕೆ ಮಸಿ ಬಳಿ ಅಂತೀಯಲ್ಲ ನೀನು.”

“ಮುಖಕ್ಕಲ್ಲ ಕಣಣ್ಣ, ಪಾದಕ್ಕೆ. ಪಾದ ಯಾರು ನೋಡ್ತಾರೆ?”

“ಅಲ್ಲಾ ನೋಡ್ತಾನೆ.”

“ಅವ್ನು ಜಾರೋದ್ನೂ ನೋಡ್ತಾನೆ.”

ಸಮದ್ ಗಿಲಕಿಯನ್ನು ಕೆಳಗಿಟ್ಟು, ತಮ್ಮ ಚಕ್ರದಲ್ಲಿ ದೋಷವಿಲ್ಲ, ಕಂಪ್ಯೂಟರಿನವರಿಗೆ ನಡೆಸಲು ಬರುವುದಿಲ್ಲ ಎಂಬ ವಾದವನ್ನು ಸ್ವಲ್ಪ ಹೊತ್ತು ಮುಂದುವರಿಸಿದರು. ಬೋರಮ್ಮ ಪೂರ್ತಿ ಕೇಳಿಸಿಕೊಂಡರು. ಕಾರ್ಖಾನೆಯ ಸದ್ದಿನಲ್ಲಿ ಬೆಳೆದವರಿಗೆ ತಾಳ್ಮೆ ಜಾಸ್ತಿ.

“ನಂದೂ ತಪ್ಪೈತೆ ಕಣಣ್ಣ. ನೀನು ಚಕ್ರ ಉಜ್ಜಿದ್ದೀಯ, ನಾನು ನೆಲ ಉಜ್ಜಿವ್ನಿ. ಇಬ್ರು ಮಧ್ಯೆ ಅದು ಎಲ್ಲಿ ಅಂತ ಕಾಲೂರ್ಬೇಕು?”

ಸಮದ್ ನಗಲಿಲ್ಲ, ಆದರೆ ಚಕ್ರ ಕಳಚಿ ಕೈಗೆ ತೆಗೆದುಕೊಂಡರು. ಉಪ್ಪುಕಾಗದ ಮಾತ್ರ ಮುಟ್ಟಲಿಲ್ಲ. ಲೇತಿಗೆ ಸಿಕ್ಕಿಸಿ, ಅಂಚಿನ ಸುತ್ತ ಬೆರಳಗಲದ ಒಂದು ಕಾಲುವೆ ಕೊರೆದು, ಪಕ್ಕದ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತರಿಸಿ, ಅದರಿಂದ ಬಳೆಯ ಹಾಗೆ ಕತ್ತರಿಸಿದ ರಬ್ಬರನ್ನು ಕಾಲುವೆಯಲ್ಲಿ ಕೂರಿಸಿದರು. ಕೊರೆದ ಅಂಚಿಗೆ ಮತ್ತೆ ಅರಗು ಕೊಟ್ಟರು. ಅರ್ಧ ಗಂಟೆಯ ಕೆಲಸ. ಮಾನವೂ ಉಳಿಯಿತು, ಚಕ್ರಕ್ಕೆ ಹಿಡಿತವೂ ಬಂತು.

ಶನಿವಾರ ಹನ್ನೊಂದಕ್ಕೆ ಕಂಪನಿಯ ಅಧಿಕಾರಿ ಜಯಕುಮಾರ್ ಇಬ್ಬರು ಸಹೋದ್ಯೋಗಿಗಳೊಂದಿಗೆ ಬಂದರು. ಅಂದಿಗೆಂದೇ ಜನರೇಟರ್ ಬಾಡಿಗೆಗೆ ತರಿಸಲಾಗಿತ್ತು. ಬುಗುರಿಯ ಕೇಬಲ್ಲನ್ನು ಬೋರಮ್ಮ, ತೊಟ್ಟಿಲ ಹಗ್ಗದ ಹಾಗೆ, ಫ್ಯಾನಿನ ಕೊಕ್ಕೆಯಿಂದ ಇಳಿಬಿಟ್ಟಿದ್ದರು. ಮೊದಲನೆಯ ಕಂಪ್ಯೂಟರಿನ ಮುಂದೆ ಶ್ವೇತ ಕೂತಿದ್ದಳು. ಜಯಕುಮಾರ್ ಇಂಥ ಪ್ರದರ್ಶನಗಳನ್ನು ಸಾಕಷ್ಟು ಕಂಡವರಿರಬೇಕು. ಲ್ಯಾಬಿನ ಉದ್ದಕ್ಕೂ ಒಮ್ಮೆ ನಡೆದು, ಇದು ಬೇಡ, ಆ ಮೂಲೆಯದರಲ್ಲಿ ತೋರಿಸಿ ಎಂದರು.

ಮೂಲೆಯದು ಹದಿನೇಳನೆಯದು. ರುದ್ರಪ್ರಸಾದರ ಮುಖ ಇಳಿದದ್ದನ್ನು ಬೋರಮ್ಮ ನೋಡಿದರು. ತಾವೇ ಹೋಗಿ ಕೇಬಲ್ ಬಿಚ್ಚಿ, ಹದಿನೇಳರ ಹಿಂದೆ ಬಗ್ಗಿ, ಕೆಂಪು ದಾರ ಹುಡುಕಿ ಸಿಕ್ಕಿಸಿದರು. ಶ್ವೇತ ಆರಕ್ಷರ ಕುಟ್ಟಿದಳು. ಮೂರು ಮುಳ್ಳು ಬಂತು. ಬುಗುರಿ ಹೊರಟಿತು, ನೇರ ಹೋಯಿತು, ತಿರುವಿಗೆ ಬಂತು, ಯೋಚಿಸಿದವರ ಹಾಗೆ ಒಂದು ಕ್ಷಣ ತಡೆದು ಮೈ ತಿರುಗಿಸಿಕೊಂಡಿತು. ಜಯಕುಮಾರ್ ಐದನೆಯದನ್ನು ತೋರಿಸಿದರು. ಅಲ್ಲೂ ನಡೆಯಿತು. ಜಡವೆಂದು ಹೆಸರಾದ ಒಂಬತ್ತನೆಯದರಲ್ಲೂ, ಸ್ವಲ್ಪ ಕಾಯಿಸಿ, ನಡೆಯಿತು.

ಇಷ್ಟನ್ನೂ ಒಂದೇ ಸಮ ಮಾಡಿಟ್ಟವರು ಯಾರು ಎಂದು ಅವರು ಕೇಳಿದಾಗ ರುದ್ರಪ್ರಸಾದ್ ತಡಮಾಡದೆ ಬೋರಮ್ಮನನ್ನು ಮುಂದೆ ಕರೆದರು. ಜಯಕುಮಾರ್ ನೋಟ್‌ಬುಕ್ ಇಸಿದುಕೊಂಡು, ನಿಂತಲ್ಲೇ ಹದಿನಾಲ್ಕು ಹೆಜ್ಜೆಯನ್ನೂ ಓದಿದರು. ಚಕ್ರದ ಕಥೆ ಕೇಳಿ, ತಮ್ಮ ಕಾರ್ಖಾನೆಯಲ್ಲೂ ಏನಾದರೂ ಜಾರಿದರೆ ಮೊದಲು ಬೈಸಿಕೊಳ್ಳುವುದು ಕಂಪ್ಯೂಟರಿನವರೇ ಎಂದರು. ನೋಟ್‌ಬುಕ್ಕಿನ ಜೆರಾಕ್ಸ್ ಒಂದು ಪ್ರತಿ ಬೇಕೆಂದು ಕೇಳಿ ತೆಗೆದುಕೊಂಡು ಹೋದರು. ತರಬೇತಿಗೆ ಆರು ವಿದ್ಯಾರ್ಥಿಗಳು ಆಯ್ಕೆಯಾದರು. ಶ್ವೇತಳ ಹೆಸರು ಮೊದಲನೆಯದು.

ಸಂಜೆ ಬೋರಮ್ಮ ಆಫೀಸಿಗೆ ಹೋಗಿ, ಇರು ಎನ್ನಬೇಕಾದವರು ಪ್ರಿನ್ಸಿಪಾಲರೇ, ತಾನಲ್ಲ ಎಂದುಕೊಂಡು, ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಪ್ರಿನ್ಸಿಪಾಲರು ತಲೆಯೆತ್ತದೆ ಅದನ್ನು ವಾಪಸು ಅವರತ್ತ ಸರಿಸಿದರು.

“ಇದನ್ಯಾಕೆ ಇಲ್ಲಿಟ್ರಿ ಬೋರಮ್ಮ? ಸೋಮವಾರ ಆರು ಗಂಟೆಗೆ ಯಾರು, ನಾನು ಬಂದು ಬಾಗಿಲು ತೆಗೀಲಾ?”

ಬೋರಮ್ಮ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದರು. ಮನೆಗೆ ಹೋದಾಗ ಹಾವು ಏನಂತು ಎಂದು ಬೋರಲಿಂಗಯ್ಯ ಕೇಳಿದರು. ಅವತ್ತು ಮಾತ್ರ ಬೋರಮ್ಮ ಉತ್ತರ ಕೊಟ್ಟರಂತೆ: ಏಳ್ದಂಗೆ ಕೇಳ್ತು, ನಿಮ್ಮಂಗಲ್ಲ.

ಲ್ಯಾಬಿನಲ್ಲಿ ಈಗ ಬೆಳಗಿನ ಎಂಟಕ್ಕೆ ಹತ್ತು ನಿಮಿಷ. ಇಪ್ಪತ್ತೆರಡನೆಯ ಪರದೆಯಲ್ಲೂ ಮೂರು ಮುಳ್ಳು ಬಂದಿದೆ. ಬೋರಮ್ಮ ಒಂದೊಂದನ್ನೇ ಮಲಗಿಸುತ್ತಾರೆ. ನೆಲವನ್ನು ಈಗ ಬರೀ ನೀರಿನಲ್ಲಿ ಒರೆಸುತ್ತಾರೆ, ತಿಕ್ಕುವುದಿಲ್ಲ. ಹೊಳಪು ಹೋದ ನೆಲವೊಂದು ಕಣ್ಣಿಗೆ ಚುಚ್ಚುತ್ತದೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಬೇರೇನು ಬೇಕು ಎಂದು ಕೇಳಿದರೆ, ಬಾಗಿಲೆಳೆದು ಬೀಗ ಹಾಕುತ್ತ ಯೋಚಿಸುತ್ತಾರೆ.

“ಪೈಥಾನ್‌ನಾಗೆ ಮೂರು ಅಂತ ಹೊಸಾದು ಬಂದೈತಂತೆ, ಶ್ವೇತ ಏಳ್ತಿದ್ಲು. ಬರ್ಲಿ, ಬ್ಯಾಡ ಅನ್ನಲ್ಲ. ಮಕ್ಳ ಪರೀಕ್ಷೆ ಒಂದು ಮುಗುದ್ಬುಡ್ಲಿ. ಆಮ್ಯಾಕೆ ಬಂದ್ರೆ, ಹದ್ನೈದ್ನೇ ಹೆಜ್ಜೆಗೂ ಪುಸ್ತಕದಾಗೆ ಜಾಗ ಐತೆ.”